ಚಪ್ಪಾಳೆಯಲ್ಲ, ಬೆಳ್ಳುಳ್ಳಿ ಕುಟ್ಟಿದ್ದು

ಸೆಪ್ಟೆಂಬರ್ 24, ಮಂಗಳವಾರ

ನನ್ನ ಮಗಳು ಚಾರೊ ಇವತ್ತು ಹಿಂದಿನ ಕೋಣೆಗೆ ಒಬ್ಬಳನ್ನು ತಂದು ತುಂಬಿಸಿದಳು. ಕೇಳಿ ಮಾಡುವ ಅಭ್ಯಾಸ ಅವಳಿಗಿಲ್ಲ, ಮಾಡಿ ಹೇಳುತ್ತಾಳೆ. ಬಂದವಳ ಹೆಸರು ಐಲಾ. ಊರು ಫಿನ್ಲೆಂಡ್, ಅಲ್ಲಿ ಟ್ರಾಮ್ ಓಡಿಸುತ್ತಾಳಂತೆ. ಬಾಗಿಲ ಚೌಕಟ್ಟಿನಷ್ಟು ಎತ್ತರ, ಸುಣ್ಣ ಬಳಿದಷ್ಟು ಬಿಳುಪು, ನಲವತ್ತೈದು ದಾಟಿದ ಮುಖ. ವರ್ಷಪೂರ್ತಿ ರಜೆ ಹಾಕಿ ಸ್ಪೇನಿನ ಈ ಹೆರೆಸ್‌ಗೆ ಬಂದದ್ದು ಫ್ಲಮೆಂಕೊ ಕುಣಿತ ಕಲಿಯಲು. ನಮ್ಮ ಬೀದಿಗೆ ಎಲ್ಲ ದೇಶಗಳಿಂದಲೂ ಕುಣಿಯಲು ಬರುತ್ತಾರೆ, ಬಂದು ಮೊಣಕಾಲು ಕೆಡಿಸಿಕೊಂಡು ಹೋಗುತ್ತಾರೆ. ಟ್ರಾಮಿನವಳು ಇದೇ ಮೊದಲು. ಹಳಿ ತಪ್ಪಿದ್ದಾಳೆ, ಪಾಪ.

"ಸೆನ್ಯೋರಾ" ಎಂದು ತಲೆ ಬಾಗಿಸಿದಳು. ನಾನು ಮನೆಯ ನಿಯಮ ಹೇಳಿದೆ. ರೇಡಿಯೋ ಇಲ್ಲ. ಟಿವಿಗೆ ಬಟ್ಟೆ ಹೊದಿಸಿದೆ, ಅದು ಹಾಗೇ ಇರಬೇಕು. ಹಾಡಿಲ್ಲ, ಚಪ್ಪಾಳೆಯಿಲ್ಲ. ಗಂಡ ಬಾಲ್ತಸಾರ್ ತೀರಿಹೋಗಿ ನಾಲ್ಕು ವರ್ಷ. ಹೊರಗಿನವರು ಜಿಪ್ಸಿ ಎನ್ನುವ ನಮ್ಮ ಹಿತಾನರಲ್ಲಿ ಮಕ್ಕಳ ಶೋಕಕ್ಕೆ ಗಡುವುಂಟು, ಹೆಂಡತಿಯದಕ್ಕೆ ಇಲ್ಲ. ಚಾರೊ ಒಂದು ವರ್ಷ ಕಪ್ಪು ಉಟ್ಟಳು, ಆಮೇಲೆ ಹೊಟ್ಟೆಪಾಡು ಎಂದು ತನ್ನ ಕುಣಿತದ ಶಾಲೆ ಮತ್ತೆ ತೆರೆದಳು, ಅದೂ ನನ್ನ ಕಾಲಡಿಯಲ್ಲೇ, ಕೆಳಗಿನ ಮನೆಯಲ್ಲಿ. ನಾನು ಕಿಟಕಿ ಮುಚ್ಚಿ ಕೂರುತ್ತೇನೆ. ಕಿವಿಗೆ ಕದವಿಲ್ಲ, ಏನು ಮಾಡಲಿ.

ಟಿವಿ ಮುಚ್ಚಿದ ಮೇಲೆ ಜಗಳವಾಡಲು ಯಾರಾದರೂ ಬೇಕಲ್ಲ, ಅದಕ್ಕೇ ಈ ಬರವಣಿಗೆ. ಆಲಿವ್ ಕೊಯ್ಲಿಲ್ಲದ ದಿನ ಮಾತ್ರ ಹಳ್ಳಿ ಶಾಲೆಗೆ ಹೋಗಿ ಕಲಿತ ಅಕ್ಷರ. ತಪ್ಪಿದರೆ ತಪ್ಪಲಿ. ಓದುವವಳೂ ನಾನೇ.

ಸೆಪ್ಟೆಂಬರ್ 26, ಗುರುವಾರ

ಇವತ್ತು ಸಂಜೆಯ ತರಗತಿ. ಅದು ಮಕ್ಕಳಾಟವಲ್ಲ, ಅಲ್ಲಿ ದಿಯೇಗೊ ಬಂದು ಹಾಡುತ್ತಾನೆ. ಬಾಲ್ತಸಾರನ ತಂಗಿಯ ಮಗ. ಗಂಟಲು ಸೋದರಮಾವನದು, ತಲೆ ಯಾರದೋ ಗೊತ್ತಿಲ್ಲ. ಸುತ್ತ ನಿಂತವರು ಚಪ್ಪಾಳೆ ಹಾಕಬೇಕು, ಒಬ್ಬೊಬ್ಬರಾಗಿ ನಡುವಿಗೆ ಬರಬೇಕು, ಹಾಡು ಕೇಳಬೇಕು, ಚಿಕ್ಕದಾಗಿ ಕುಣಿದು ಹೊರಡಬೇಕು. ಬುಲೆರಿಯಾ ಎಂದರೆ ಇಷ್ಟೇ. ಇಷ್ಟೇ ಎನ್ನುವುದು ಸುಲಭ.

ಐಲಾ ನಡುವಿಗೆ ಬಂದದ್ದು ನನಗೆ ಮೇಲಿನಿಂದಲೇ ತಿಳಿಯಿತು. ಮಂಚದ ಕೆಳಗಿದ್ದ ನನ್ನ ಚಪ್ಪಲಿ ಜಾಗ ಬದಲಿಸಿತು. ದಿಯೇಗೊ ಬಾಯಿ ತೆರೆದರೆ ಸಾಕು, ಇವಳ ಕಾಲು ಶುರು. ಅವನು ಹಾಡಿನಲ್ಲಿ ತಾಯಿಯನ್ನು ಮಣ್ಣಿಗಿಡುತ್ತಿದ್ದಾನೆ, ಇವಳು ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಾಳೆ. ಒಂದು ಸಲವೂ ತಾಳ ತಪ್ಪಲಿಲ್ಲ, ಅದೇ ಘೋರ. ಗೋಡೆಯ ಗಡಿಯಾರವೂ ತಾಳ ತಪ್ಪುವುದಿಲ್ಲ. ಅದನ್ನು ಯಾರೂ ಹಬ್ಬಕ್ಕೆ ಕರೆಯುವುದಿಲ್ಲ.

ಅಕ್ಟೋಬರ್ 6, ಭಾನುವಾರ

ಮಧ್ಯಾಹ್ನ ಊಟಕ್ಕೆ ಪಕ್ಕದ ಮನೆಯ ಎಂಕಾರ್ನಾ ಬಂದಿದ್ದಳು. ನನ್ನ ಶೋಕ ಸರಿಯಾಗಿ ನಡೆಯುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡಿ ಹೋಗುವುದು ಅವಳ ಧರ್ಮ. ಐಲಾ ಎದುರು ಕೂತು ಕಡಲೆ ಸಾರು ತಿಂದಳು. ನಾವಿಬ್ಬರು ಮುದುಕಿಯರು ಇಡೀ ಬೀದಿಯ ಸೊಸೆಯಂದಿರನ್ನು ಮುಗಿಸುವವರೆಗೂ ಅವಳ ಬಾಯಿಂದ ಒಂದು ಮಾತಿಲ್ಲ. ಮುಖದಲ್ಲಿ ಬೇಸರವೂ ಇಲ್ಲ. ಬಟ್ಟಲು ಖಾಲಿಯಾಯಿತು, ಎದ್ದಳು, "ಚೆನ್ನಾಗಿತ್ತು" ಎಂದಳು, ಹೊರಟೇ ಹೋದಳು.

ಎಂಕಾರ್ನಾ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ. "ಬಾಲಕ್ಕೆ ಬೆಂಕಿ ಬಿದ್ದವಳ ಹಾಗೆ ಎದ್ದು ಹೋದ್ಲಲ್ಲೇ" ಎಂದಳು. ನಮ್ಮಲ್ಲಿ 'ಹೋಗ್ತೀನಿ' ಎಂದ ಮೇಲೆ ಇನ್ನೊಂದು ಕಾಫಿ, ಬಾಗಿಲಲ್ಲಿ ನಿಂತು ಇನ್ನೊಂದು ಕಥೆ, ಬೀದಿಗಿಳಿದ ಮೇಲೆ ಮೊದಲ ಕಥೆಯ ಉಳಿದರ್ಧ. ಎಂಕಾರ್ನಾ ಇವತ್ತು ಹೋಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಅಕ್ಟೋಬರ್ 15, ಮಂಗಳವಾರ

ಅಡುಗೆಮನೆಯಲ್ಲಿ ಕುಣಿಯಬೇಡ ಎಂದೆ. ಕೋಣೆಯ ನೆಲ ಡೊಂಕು ಎಂದಳು. ಕುಣಿಯಲಾರದವಳು ಹೇಳುವ ಮಾತೇ ಅದು, ಗಾದೆಯೇ ಉಂಟು. ಆದರೆ ಸುಳ್ಳೇಕೆ ಹೇಳಲಿ, ನಮ್ಮ ನೆಲ ನಿಜವಾಗಿಯೂ ಡೊಂಕೇ. ಅದರ ಮೇಲೇ ನನ್ನ ಅತ್ತೆ ಕುಣಿದದ್ದು, ನಾನು ಕುಣಿದದ್ದು, ಚಾರೊ ಕುಣಿದದ್ದು. ಕೊನೆಗೆ ಅಡುಗೆಮನೆಯ ಮೂಲೆ ಬಿಟ್ಟುಕೊಟ್ಟೆ, ಒಲೆಯ ಹತ್ತಿರ ಬರಕೂಡದೆಂದು ತಾಕೀತು ಮಾಡಿ.

ತನ್ನ ಭಾಷೆಯಲ್ಲಿ ಎಣಿಸಿಕೊಂಡು ಹೆಜ್ಜೆ ಹಾಕುತ್ತಾಳೆ. ಇಲಿ ಬಿಸ್ಕತ್ತು ಕಡಿದ ಹಾಗೆ. ನಾನು ಹೊಲದವರ ಬೆಳ್ಳುಳ್ಳಿ ಕಲಸಿಗೆ ಕೂತಿದ್ದೆ: ಬೆಳ್ಳುಳ್ಳಿ, ಹಸಿ ಮೆಣಸು, ಟೊಮೆಟೊ, ಒಣ ರೊಟ್ಟಿ, ಎಲ್ಲ ಮರದ ಒರಳಿಗೆ ಹಾಕಿ ಜಜ್ಜುವುದು. ಅವಳ ಹೆಜ್ಜೆಯೆಲ್ಲ ಒಂದೇ ತೂಕ. ಕೋಳಿಯೂ ಮೊಟ್ಟೆ ಇಡುವ ಮುಂಚೆ ಸ್ವಲ್ಪ ಯೋಚಿಸುತ್ತದೆ. ನನ್ನ ಕುಟ್ಟುಕೋಲು ಎಲ್ಲಿ ಬೀಳಬೇಕೋ ಅಲ್ಲಿ ಜೋರಾಗಿ ಬಿತ್ತು, ಉಳಿದ ಕಡೆ ಮೆಲ್ಲಗೆ. ಅವಳು ಎಣಿಕೆ ನಿಲ್ಲಿಸಿ ತಿರುಗಿ ನೋಡಿದಳು. ಆಮೇಲೆ ಕುಟ್ಟುಕೋಲಿನ ಹಿಂದೆ ಹೆಜ್ಜೆ ಇಟ್ಟಳು.

ನಾನು ಚಪ್ಪಾಳೆ ತಟ್ಟಲಿಲ್ಲ. ಬೆಳ್ಳುಳ್ಳಿ ಕುಟ್ಟಿದೆ. ಶೋಕದ ಮನೆಯಲ್ಲೂ ಉಣ್ಣುತ್ತಾರೆ.

ಅಕ್ಟೋಬರ್ 22

ಈ ವಾರವೂ ದಿನಾ ಬೆಳ್ಳುಳ್ಳಿ ಕಲಸು. ಚಾರೊ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಇಡೀ ವಠಾರಕ್ಕೆ ಅಡುಗೆ ಮಾಡ್ತಿದೀಯಾ ಅಮ್ಮ?" ಎಂದಳು. ಹೊಸ ವೈನ್ ಬರುವ ಕಾಲ, ಅದರ ಜೊತೆ ಇದೇ ಚೆನ್ನ ಎಂದೆ. ಹೊಸ ವೈನ್ ಇನ್ನೂ ಪೀಪಾಯಿಯಲ್ಲಿದೆ ಎಂದಳು. ಎದುರುತ್ತರ ಕೊಡುವುದನ್ನು ಯಾರಿಂದ ಕಲಿತಳೋ.

ಅಕ್ಟೋಬರ್ 29, ಮಂಗಳವಾರ

ಚಾರೊ ತೀರ್ಪು ಕೊಟ್ಟಳು. ಅದೂ ನನ್ನ ಮೇಜಿನಲ್ಲಿ, ನನ್ನ ಮೊಟ್ಟೆ ತಿನ್ನುತ್ತಾ. ಸಂಜೆಯ ತರಗತಿಯಲ್ಲಿ ಇರಬೇಕಾದವರು ಕ್ರಿಸ್‌ಮಸ್‌ಗೆ ಮುಂಚೆ ನಡೆಯುವ ಸಂಬೊಂಬಾ ಹಾಡುಕೂಟದಲ್ಲಿ ನಡುವಿಗೆ ಬಂದು, ದಿಯೇಗೊನ ಹಾಡಿಗೆ ಒಂದು ಬುಲೆರಿಯಾ ಮಾಡಿ ತೋರಿಸಬೇಕು. ಬೀದಿಯವರೆಲ್ಲ ಬೆಂಕಿಯ ಸುತ್ತ ಕೂತಿರುವಾಗ. ಆಗದವರು ಜನವರಿಯಿಂದ ಶನಿವಾರದ ಮಕ್ಕಳ ಗುಂಪಿಗೆ.

"ನಿನ್ನ ಪಾದ ಚೆನ್ನಾಗಿದೆ ಐಲಾ. ಆದ್ರೆ ನೀನು ಕೇಳಲ್ಲ. ಹಾಡೋವಾಗ ನಿನ್ನ ಕಾಲು ಮಾತಾಡ್ತಾ ಇರತ್ತೆ" ಎಂದಳು. ಅದು ನಿಜ. ಹೇಳಿದ ರೀತಿ ಅಪ್ಪನದೇ, ಚೂರಿಗೆ ಬೆಣ್ಣೆ ಸವರದೆ.

ಐಲಾ ಮೊಟ್ಟೆ ಮುಗಿಸಿದಳು. ಮಕ್ಕಳ ಜೊತೆ ನಿಲ್ಲಲಾರೆ, ಆಗದಿದ್ದರೆ ಊರಿಗೆ ಹೋಗಿ ಮತ್ತೆ ಟ್ರಾಮ್ ಹಿಡಿಯುತ್ತೇನೆ ಎಂದಳು. ಅಷ್ಟೇ ಹೇಳಿ ಎದ್ದು ಹೋದಳು. ಪಾತ್ರೆ ತೊಳೆಯಲು ಹೋದಾಗ ನೋಡಿದೆ, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಮುಖ ತೊಳೆಯುತ್ತಿರಲಿಲ್ಲ. ಸುಮ್ಮನೆ ನಲ್ಲಿ.

ಹೋದರೆ ಹೋಗಲಿ. ಕೋಣೆಯಲ್ಲಿ ಈರುಳ್ಳಿ ಹರವಬಹುದು.

ನವೆಂಬರ್ 1, ಸಕಲ ಸಂತರ ದಿನ

ಬಾಲ್ತಸಾರನ ಗೋರಿ ತೊಳೆಯಲು ಹೋದೆ. ಚಾರೊಗೆ ಸೊಂಟ ಹಿಡಿದಿದೆಯಂತೆ. ವರ್ಷಕ್ಕೊಂದು ದಿನ ಹಿಡಿಯುತ್ತದೆ, ಇದೇ ದಿನ. ಬಕೆಟ್ ಹೊರಲು ಐಲಾ ಬಂದಳು.

ಸ್ಮಶಾನದಲ್ಲಿ ನನಗೆ ಸೇರದ್ದು ಸತ್ತವರಲ್ಲ, ಬದುಕಿರುವವರು. ಒಬ್ಬಳು ಬಂದು 'ಈಗ ಅವರು ನೆಮ್ಮದಿಯಾಗಿದ್ದಾರೆ' ಎನ್ನುತ್ತಾಳೆ. ನೆಮ್ಮದಿಯಂತೆ. ಜೀವಮಾನವೆಲ್ಲ ಕಸಾಯಿಖಾನೆಯಲ್ಲಿ ದುಡಿದು, ರಾತ್ರಿ ಹಾಡಿ, ಒಂದು ದಿನವೂ ಸುಮ್ಮನೆ ಕೂರದ ಗಂಡಸು ಅವನು. ಅವನಿಗೇಕೆ ನೆಮ್ಮದಿ? ಐಲಾ ಮಾತ್ರ ಕಲ್ಲು ಉಜ್ಜಿದಳು, ಅಕ್ಷರಗಳ ಸಂದಿಯ ಕೊಳೆ ಉಗುರಿನಿಂದ ತೆಗೆದಳು, ಹೂವಿಟ್ಟ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಮುಗಿಸುವವರೆಗೂ ನಿಂತಳು. ಸಾಂತ್ವನದ ಮಾತಿಲ್ಲ, ನಿಟ್ಟುಸಿರಿಲ್ಲ, ಗಡಿಯಾರ ನೋಡಲಿಲ್ಲ.

ಬರುವ ದಾರಿಯಲ್ಲಿ ನನಗೆ ಸಿಟ್ಟು ಬಂತು. ಕೇಳಿಯೇಬಿಟ್ಟೆ.

"ಸತ್ತವನ ಮುಂದೆ ಇಷ್ಟು ಹೊತ್ತು ಸುಮ್ಮನೆ ನಿಲ್ಲೋಕೆ ಬರತ್ತಲ್ಲ ನಿನಗೆ. ಬದುಕಿರೋನು ಹಾಡ್ತಿದ್ರೆ ಮಾತ್ರ ಯಾಕೆ ಕಾಲು ಬಡೀತೀಯ?"

ಬಸ್ಸು ಇಳಿದ ಮೇಲೆ ಹೇಳಿದಳು: "ಸುಮ್ಮನೆ ನಿಂತ್ರೆ ಏನೂ ಮಾಡ್ತಿಲ್ಲ ಅಂದ್ಕೊಳ್ತಾರೆ ಅಂತ, ಸೆನ್ಯೋರಾ."

ಇವರ ಊರಿನಲ್ಲಿ ಕೇಳುವುದನ್ನು ಕೆಲಸವೆಂದು ಲೆಕ್ಕ ಹಿಡಿಯುವುದಿಲ್ಲವೋ ಏನೋ.

ನವೆಂಬರ್ 5, ಮಂಗಳವಾರ

ಮೊಟ್ಟೆ ಕದಡುತ್ತಿದ್ದೆ. ಕದಡುವುದು ನಿಲ್ಲಿಸಿದೆ, ಅವಳ ಕಾಲು ಮುಂದುವರಿಯಿತು. "ನಾನು ನಿಲ್ಲಿಸಿದ್ರೆ ನೀನೂ ನಿಲ್ಲು" ಎಂದೆ. ಮತ್ತೆ ಕದಡಿದೆ, ಮತ್ತೆ ನಿಲ್ಲಿಸಿದೆ. ನಾಲ್ಕಾರು ಮೊಟ್ಟೆ ಹೋದ ಮೇಲೆ ಅವಳಿಗೆ ಹೊಳೆಯಿತು. ನಿಂತಳು. ನಿಂತದ್ದು ಹೇಗೆಂದರೆ ಸ್ಮಶಾನದಲ್ಲಿ ನಿಂತ ಹಾಗೇ, ಅಲ್ಲಾಡದೆ, ಆದರೆ ಎಲ್ಲ ಎಚ್ಚರವಾಗಿ. ನನ್ನ ಕುತ್ತಿಗೆಯ ಹಿಂದೆ ಜುಮ್ ಎಂದಿತು. ಕಿಟಕಿಯ ಗಾಳಿ ಇರಬೇಕು.

ಹೊರಡುವುದನ್ನೂ ಹೇಳಬೇಕಾಯಿತು. ಕುಣಿದವಳು ಕೊನೆಯಲ್ಲಿ ನಾಲ್ಕು ಸಲ ತಿರುಗಿ, ಅತ್ತ ಇತ್ತ ನೋಡಿ, ಚಪ್ಪಾಳೆ ಬರಲಿ ಎಂದು ಕಾಯುತ್ತಾಳೆ. ಚಾರೊಳ ಪರದೇಶದವರದೆಲ್ಲ ಇದೇ ಚಾಳಿ. "ನನ್ನ ಮೇಜಿಂದ ಹೆಂಗೆ ಎದ್ದು ಹೋಗ್ತೀಯೋ ಹಂಗೆ ಹೋಗು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಊಟಕ್ಕೆ ಕೂರಿಸಿದೆ, ತಿಂದಳು, 'ಚೆನ್ನಾಗಿತ್ತು' ಎಂದು ಎದ್ದಳು. "ಅದೇ, ಅದೇ" ಎಂದೆ. ಬಾಗಿಲಲ್ಲಿ ನಿಂತು ನಕ್ಕಳು. ಹಲ್ಲು ಇದೆ ಎಂದು ಇವತ್ತು ಗೊತ್ತಾಯಿತು.

ಕಲಿಸುವುದು ನನ್ನ ಕೆಲಸವಲ್ಲ. ಅಡುಗೆಮನೆಯಲ್ಲಿ ಬಾಯಿಗೆ ಬಂದದ್ದು ಹೇಳುತ್ತೇನೆ, ಅಷ್ಟೇ.

ನವೆಂಬರ್ 19

ಇಂದು ತರಗತಿಯಲ್ಲಿ ಹಾಡು ಶುರುವಾದಾಗ ನೆಲದ ಕೆಳಗೆ ಸದ್ದಿರಲಿಲ್ಲ. ಐಲಾ ಬಂದಿಲ್ಲವೇನೋ ಎಂದುಕೊಂಡೆ. ಹಾಡಿನ ಸಾಲು ಮುಗಿಯಿತು, ಆಗ ಬಿತ್ತು ಕಾಲು. ಸಣ್ಣದು. ಇದ್ದಾಳೆ.

ಚಾರೊ ಮೇಲೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಮ್ಮ, ನೀನು ಅವಳಿಗೆ ಏನಾದ್ರೂ ಹೇಳ್ಕೊಡ್ತಿದೀಯಾ?"

"ಮೊಟ್ಟೆ ಕದಡೋದು" ಎಂದೆ.

ನವೆಂಬರ್ 23, ಶನಿವಾರ

ಎಂಕಾರ್ನಾ ಬಂದಳು. ಕೂರಲಿಲ್ಲ. ಐಲಾ ಅಲ್ಲೇ ಪಾತ್ರೆ ಒರೆಸುತ್ತಿದ್ದಳು, ಅವಳ ಮುಂದೆಯೇ ಶುರುಮಾಡಿದಳು.

"ಮಿಕಾಯೆಲಾ, ನನ್ನ ಕಿವಿ ಇನ್ನೂ ಸತ್ತಿಲ್ಲ ಕಣೇ. ನಿನ್ನ ಒರಳು ಬುಲೆರಿಯಾ ಹೊಡೀತಿದೆ. ಗೋಡೆ ಆಚೆ ನನಗೆ ಕೇಳ್ಸತ್ತೆ. ಬಾಲ್ತಸಾರ್ ಹೆಂಡ್ತಿ ಶೋಕದಲ್ಲಿದಾಳೆ ಅಂತ ನಾವೆಲ್ಲ ಅಂಗಳ ಬಿಟ್ಟು ಪಕ್ಕದ ಬೀದೀಗೆ ಹೋಗಿ ಸಂಬೊಂಬಾ ಮಾಡೋದು, ನೀನು ಇಲ್ಲಿ ಪರದೇಶದವಳಿಗೆ ತಾಳ ಹಾಕೋದು."

ಬೆಳ್ಳುಳ್ಳಿ ಎಂದೆ. ಬೆಳ್ಳುಳ್ಳಿಗೆ ಹನ್ನೆರಡರ ತಾಳ ಗೊತ್ತಿದೆಯೋ ಎಂದಳು. ಐಲಾಳ ಕಡೆ ತಿರುಗಿ, ಶೋಕದ ಮನೆಯಲ್ಲಿ ಕಾಲೆತ್ತಬೇಕಾದರೆ ವಿಧವೆಯ ಅಪ್ಪಣೆ ಬೇಕು, ನಿಮ್ಮ ಕಡೆ ಇದೆಲ್ಲ ಇಲ್ಲವೋ ಎಂದು ಬೈದಳು. ಐಲಾ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಡಲಿಲ್ಲ.

ಎಂಕಾರ್ನಾ ಹೇಳಿದ್ದರಲ್ಲಿ ಸುಳ್ಳಿದ್ದರೆ ಬೈದು ಕಳಿಸುತ್ತಿದ್ದೆ.

ನವೆಂಬರ್ 24

ಒರಳನ್ನು ಅಟ್ಟಕ್ಕೆ ಹಾಕಿದೆ.

ನವೆಂಬರ್ 28

ಬೇಯಿಸಿದ ಆಲೂಗಡ್ಡೆ.

ಡಿಸೆಂಬರ್ 1

ಆಲೂಗಡ್ಡೆ. ಐಲಾ ಕೋಣೆಯಲ್ಲೂ ಅಭ್ಯಾಸ ಮಾಡುತ್ತಿಲ್ಲ. ಮೆಟ್ಟಿಲನ್ನೂ ಬೆಕ್ಕಿನ ಹಾಗೆ ಇಳಿಯುತ್ತಾಳೆ. ಇಷ್ಟು ಸದ್ದಿಲ್ಲದ ಮನೆಯಲ್ಲಿ ನನ್ನದೇ ಹಲ್ಲುಸೆಟ್ಟಿನ ಸದ್ದು ಕೇಳಿಸುತ್ತದೆ.

ಡಿಸೆಂಬರ್ 10, ಮಂಗಳವಾರ

ತರಗತಿಯಲ್ಲಿ ಮತ್ತೆ ಮೊಳೆ ಹೊಡೆಯುವ ಸದ್ದು. ಹೋದದ್ದೆಲ್ಲ ಹೋಯಿತು. ಭಯ ಕಾಲಿಗಿಳಿದಿದೆ, ಹಾಡು ಶುರುವಾಗುವ ಮುಂಚೆಯೇ ಓಡುತ್ತದೆ.

ಚಾರೊ ಮೇಲೆ ಬಂದು ಹೇಳಿದಳು: ಶನಿವಾರ ಸಂಬೊಂಬಾ, ಪಕ್ಕದ ಬೀದಿಯ ಅಂಗಳದಲ್ಲಿ, ಮಧ್ಯಾಹ್ನದಿಂದ. ಐಲಾಗೆ ಆಗುವುದಿಲ್ಲ, ಅವಳಿಗೂ ಗೊತ್ತು, ಆಗಲೇ ವಿಮಾನ ವಿಚಾರಿಸುತ್ತಿದ್ದಾಳೆ. "ಬೇಜಾರಾಗತ್ತೆ ಅಮ್ಮ. ಒಂದು ತಿಂಗಳು ಎಷ್ಟು ಚೆನ್ನಾಗಿ ಬಂದಿತ್ತು. ಏನಾಯ್ತೋ" ಎಂದಳು. ಎಂದು ನನ್ನ ಒಲೆಯ ಕಡೆ ನೋಡಿದಳು. ಆಲೂಗಡ್ಡೆ ಕುದಿಯುತ್ತಿತ್ತು.

ನನ್ನನ್ನೇನು ನೋಡುವುದು. ನಾನು ಶೋಕದಲ್ಲಿರುವವಳು.

ಡಿಸೆಂಬರ್ 13, ಸಂತ ಲೂಸಿಯಳ ದಿನ

ನಿಧಾನವಾಗಿ ಬರೆಯುತ್ತೇನೆ.

ಮಧ್ಯಾಹ್ನ ಹಬ್ಬದ ತಿಂಡಿ ಕರಿಯುತ್ತಿದ್ದೆ. ಐಲಾ ಬಂದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕುಣಿಯುವ ಜೋಡನ್ನು ಕೈಯಲ್ಲಿ ಹಿಡಿದುಕೊಂಡು. ಕೂರು ಎಂದೆ, ಕೂತಳು. ಒಂದು ಬಾಣಲೆ ಪೂರ್ತಿ ಕರಿದು ಜೇನಿಗೆ ಹಾಕಿದೆ, ಅವಳು ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ನಮ್ಮ ಹಿರಿಯರು ದೊಡ್ಡ ಮಾತು ಕೇಳಲು ಬಂದರೆ ಹೀಗೇ ಕೂರುತ್ತಿದ್ದರು. ಯಾರು ಹೇಳಿಕೊಟ್ಟರೋ ಇವಳಿಗೆ. ಯಾರೂ ಹೇಳಿಕೊಟ್ಟಿರಲಾರರು.

ಆಮೇಲೆ ಹೇಳಿದಳು.

"ತೀಯಾ ಮಿಕಾಯೆಲಾ. ನಾನು ಈ ಮನೇಲಿ ಉಣ್ತೀನಿ, ಈ ಮನೇಲಿ ಮಲಗ್ತೀನಿ. ಇದು ಶೋಕದ ಮನೆ. ನಾಳೆ ನಾನು ಅಲ್ಲಿಗೆ ಹೋಗಿ ಕುಣೀಬಹುದಾ? ನೀವು ಬೇಡ ಅಂದ್ರೆ ಹೋಗಲ್ಲ. ಊರಿಗೆ ಹೋಗ್ತೀನಿ. ನಿಮ್ಮ ಮೇಲೆ ಬೇಜಾರಿಲ್ಲ."

ತೀಯಾ ಎಂದಳು. ಈ ಬೀದಿಯ ಮಕ್ಕಳು ನನ್ನನ್ನು ಅತ್ತೆ ಎಂದು ಕರೆಯುವ ಹಾಗೆ. ಸೆಪ್ಟೆಂಬರಿನಿಂದ ಸೆನ್ಯೋರಾ ಸೆನ್ಯೋರಾ ಎಂದು ನನ್ನನ್ನು ಅಂಚೆ ಕಚೇರಿಯ ಗುಮಾಸ್ತೆ ಮಾಡಿಟ್ಟಿದ್ದವಳು.

ಒಲೆ ಆರಿಸಿದೆ. ಚಾರೊ ಶಾಲೆ ತೆರೆದಾಗ ನನ್ನನ್ನು ಕೇಳಲಿಲ್ಲ. ಎಂಕಾರ್ನಾ ಸಂಬೊಂಬಾವನ್ನು ಪಕ್ಕದ ಬೀದಿಗೆ ಒಯ್ದಾಗ ಕೇಳಲಿಲ್ಲ. ದಿಯೇಗೊ ಮಾವನ ಹಾಡುಗಳನ್ನು ಊರೂರಲ್ಲಿ ಹಾಡುತ್ತಾನೆ, ಕೇಳಿಲ್ಲ. ನಾಲ್ಕು ವರ್ಷ ಎಲ್ಲರೂ ನನಗೆ ಮರ್ಯಾದೆ ಕೊಟ್ಟರು. ಬೀದಿ ನಡುವಿನ ಗುಂಡಿಗೆ ಕೊಡುವ ಹಾಗೆ, ಸುತ್ತು ಹಾಕಿಕೊಂಡು ಹೋದರು. ಗುಂಡಿಯ ಹತ್ತಿರ ಬಂದು ಬಗ್ಗಿ ಕೇಳಿದವಳು ಈ ಸುಣ್ಣದ ಕಂಬ ಒಂದೇ. ಬೇಡ ಎನ್ನುವ ಹಕ್ಕು ನನಗಿತ್ತು. ಆ ಹಕ್ಕನ್ನು ನನ್ನ ಕೈಗೆ ತಂದುಕೊಟ್ಟವಳೂ ಅವಳೇ.

"ಅಲ್ಲಿಗೆ ಹೋಗ್ಬೇಡ" ಎಂದೆ.

ತಲೆಯಾಡಿಸಿದಳು. ಜೋಡನ್ನು ಚೀಲಕ್ಕೆ ಹಾಕಿ ಎದ್ದಳು. ಬಾಗಿಲು ದಾಟಿಯೇಬಿಟ್ಟಿದ್ದಳು, ಎಂದಿನ ಹಾಗೆ.

"ಮಾತು ಮುಗಿಯೋ ಮುಂಚೆ ಎದ್ದು ಹೋಗೋದನ್ನ ಯಾವಾಗ ಬಿಡ್ತೀಯ ನೀನು? ಅಲ್ಲಿಗೆ ಹೋಗ್ಬೇಡ ಅಂದೆ. ಎಂಕಾರ್ನಾನ ಕರಿ. ಬೆಂಕಿ ಇಲ್ಲೇ ಹಾಕಲಿ, ನಮ್ಮಂಗಳದಲ್ಲಿ. ನನ್ನ ಮನೆಯವಳು ಬೇರೆಯವರ ಬಾಗಿಲಲ್ಲಿ ಕುಣಿಯೋದು ಬೇಡ."

ಎಂಕಾರ್ನಾ ಬಂದಳು, ಕೇಳಿದಳು, ಎದೆ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಯಾರ ಮನೆಯಲ್ಲಿ ಎಷ್ಟು ಕುರ್ಚಿ ಇದೆ ಎಂದು ಕೂಗುತ್ತಾ ಮೆಟ್ಟಿಲು ಇಳಿದಳು. ಅವಳ ಮಂಡಿನೋವು ಎಲ್ಲಿ ಹೋಯಿತೋ.

ಡಿಸೆಂಬರ್ 15, ಭಾನುವಾರ

ನಿನ್ನೆಯದನ್ನು ಎಂಕಾರ್ನಾ ಬೀದಿಯೆಲ್ಲ ತನಗೆ ಬೇಕಾದ ಹಾಗೆ ಹೇಳುತ್ತಿದ್ದಾಳೆ. ನಡೆದದ್ದು ನಡೆದ ಹಾಗೆ ಬರೆದಿಡಬೇಕು.

ಅಂಗಳದ ನಡುವೆ ಬೆಂಕಿ, ಸುತ್ತ ಇಡೀ ವಠಾರ, ಪಕ್ಕದ ಬೀದಿಯವರು, ಕರೆಯದ ನಾಯಿ. ನಾನು ಮೇಲೆ, ನನ್ನ ಬಾಗಿಲ ಮುಂದೆ, ಕಟಾಂಜನದ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ, ಕಪ್ಪು ಶಾಲು ಹೊದ್ದು. ಅಪ್ಪಣೆ ಕೊಟ್ಟವಳು ಮುಖ ತೋರಿಸಬೇಕು, ಇಲ್ಲದಿದ್ದರೆ ಅದು ಅಪ್ಪಣೆಯಲ್ಲ. ಮೊದಲು ಬಾಲಯೇಸುವಿನ ಹಾಡುಗಳು. ಆಮೇಲೆ ಬುಲೆರಿಯಾ. ಚಾರೊಳ ಶಿಷ್ಯೆಯರು ಒಬ್ಬೊಬ್ಬರೇ ಬಂದರು, ಕುಣಿದರು, ಹೋಗದೆ ಸತಾಯಿಸಿದರು. ಕೊನೆಗೆ ಐಲಾ.

ಅವಳು ನಡುವಿಗೆ ಬಂದು ನಿಂತಾಗ ಆ ಕಳ್ಳ ದಿಯೇಗೊ ನನ್ನ ಕಡೆ ಕತ್ತೆತ್ತಿ ನೋಡಿದ. ನೋಡಿ, ಬಾಲ್ತಸಾರನ ಹಾಡನ್ನೇ ಎತ್ತಿಕೊಂಡ.

ಬಾಗಿಲಲ್ಲಿ ನಿಂತಿದ್ದೆ, ಒಳಗೆ ಬರಲಿಲ್ಲ;
ಬಾ ಎಂದಿದ್ದರೆ ಇವತ್ತಿಗೂ ಹೋಗುತ್ತಿರಲಿಲ್ಲ.

ಮೊದಲ ಸಾಲು ಹಾಡಿದ. ಐಲಾ ಅಲ್ಲಾಡಲಿಲ್ಲ. ಸಾಲು ಮುಗಿಯಿತು, ಆಗಲೂ ಅಲ್ಲಾಡಲಿಲ್ಲ. ಚಪ್ಪಾಳೆಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸದ್ದು ಇಳಿಸಿದರು. ಎಂಕಾರ್ನಾ ಬಾಯಿಗೆ ಏಪ್ರನ್ ಅಂಚು ಹಿಡಿದಳು. ಚಾರೊ ಕಣ್ಣು ಮುಚ್ಚಿಕೊಂಡಳು. ಹೆಪ್ಪುಗಟ್ಟಿದಳು, ಮುಗಿಯಿತು ಎಂದುಕೊಂಡರು ಎಲ್ಲರೂ.

ಅಯ್ಯೋ ಮೂಢರಾ, ಅವಳು ಕೇಳುತ್ತಿದ್ದಳು.

ದಿಯೇಗೊ ಯಾವತ್ತೂ ಆ ಎರಡು ಸಾಲುಗಳನ್ನು ಬಸ್ಸಿಗೆ ಓಡುವವನ ಹಾಗೆ ಒಂದೇ ಉಸಿರಿಗೆ ಮುಗಿಸುವವನು. ಎದುರಿಗೆ ಒಬ್ಬಳು ಹಾಗೆ ನಿಂತರೆ ಓಡುವುದಾದರೂ ಎಲ್ಲಿಗೆ? ಅವನೂ ನಿಂತ. ಬಾಲ್ತಸಾರ್ ಅಲ್ಲೇ ನಿಲ್ಲುತ್ತಿದ್ದ. ಎರಡನೆಯ ಸಾಲಿಗೆ ಮುಂಚೆ, ಬಾಗಿಲಲ್ಲಿ ನಿಂತ ಹಾಗೆಯೇ. ಕುಡಿದವರೂ ಆಗ ಲೋಟ ಕೆಳಗಿಡುತ್ತಿದ್ದರು. ನಾಲ್ಕು ವರ್ಷದಿಂದ ನನಗೆ ಕೇಳಿಸದೆ ಇದ್ದದ್ದು ಅವನ ಹಾಡಲ್ಲ, ಆ ನಿಲುಗಡೆ.

ಆಮೇಲೆ ಎರಡನೆಯ ಸಾಲು ಬಂತು. ಐಲಾ ಒಂದು ಕೈ ಎತ್ತಿದಳು, ಟ್ರಾಮ್ ನಿಲ್ಲಿಸುವವಳ ಹಾಗೆ. ಕಾಲು ಸ್ವಲ್ಪ ಮಾತಾಡಿತು, ಸ್ವಲ್ಪವೇ. ತಟ್ಟನೆ ಬೆನ್ನು ತಿರುಗಿಸಿ ಹೊರಟಳು. ಕುರ್ಚಿಗಳ ನಡುವೆ, ಜನರ ನಡುವೆ, ನಾಯಿಯನ್ನು ದಾಟಿ, ದೊಡ್ಡ ಬಾಗಿಲು ದಾಟಿ ಬೀದಿಗೇ ಹೋಗಿಬಿಟ್ಟಳು. 'ಚೆನ್ನಾಗಿತ್ತು' ಎಂದೂ ಹೇಳಲಿಲ್ಲ.

ಅಂಗಳ ಹೊತ್ತಿಕೊಂಡಿತು. ಅವಳನ್ನು ಕೂಗುತ್ತಿದ್ದಾರೆ, ಚಪ್ಪಾಳೆ ನಿಲ್ಲುತ್ತಿಲ್ಲ, ಆ ಪುಣ್ಯಾತ್ಗಿತ್ತಿ ಹೊರಗೆ ಚಳಿಯಲ್ಲಿ ತೆಳು ಅಂಗಿಯಲ್ಲಿ ನಿಂತಿದ್ದಾಳೆ, ತಾನು ಸೋತೆ ಎಂದುಕೊಂಡು.

ಅದಕ್ಕೇ ನಾನು ಕೆಳಗಿಳಿದೆ. ಅವಳ ಕೋಟು ತೆಗೆದುಕೊಂಡು. ನಮ್ಮ ವಠಾರದಲ್ಲಿ ಅಂಗಳ ದಾಟದೆ ಬೀದಿಗೆ ದಾರಿಯಿಲ್ಲ, ಇದು ಎಂಕಾರ್ನಾಗೂ ಗೊತ್ತು. ಇಷ್ಟು ಜನ ಸೇರಿ ಬುಲೆರಿಯಾ ಹೊಡೆಯುತ್ತಿರುವಾಗ ತಾಳ ತಪ್ಪಿ ನಡೆಯಬೇಕಿತ್ತೇ ನಾನು, ಈ ಬೀದಿಯಲ್ಲಿ, ಈ ವಯಸ್ಸಿನಲ್ಲಿ? ಬೆಂಕಿಯ ಹತ್ತಿರ ಶಾಲು ಜಾರಿತು, ಹಿಡಿಯಲು ಒಂದು ಸಲ ತಿರುಗಬೇಕಾಯಿತು. ಕೋಟಿನ ಕೈ ಕಾಲಿಗೆ ತೊಡರಿತು, ಬಿಡಿಸಿಕೊಳ್ಳಲು ಕಾಲು ಒದರಿದೆ. ಅಷ್ಟೇ ನಡೆದದ್ದು. ಚಾರೊ ಅಳುತ್ತಿದ್ದಳು ಎನ್ನುತ್ತಾರೆ. ಹಸಿ ಸೌದೆ ತಂದವರು ಯಾರೋ, ಹೊಗೆ ವಿಪರೀತ.

ಹೊರಗೆ ಅವಳಿಗೆ ಕೋಟು ಹೊದಿಸಿದೆ. "ಒಳಗೆ ಬಾ. ನಿನ್ನನ್ನೇ ಕರೀತಿರೋದು" ಎಂದೆ.

"ಸಾಕಾಯ್ತಾ ತೀಯಾ?" ಎಂದು ಕೇಳಿದಳು.

"ಹೋಗೋದು ಚೆನ್ನಾಗಿತ್ತು" ಎಂದೆ. ತಲೆಗೇರಬಾರದಲ್ಲ.

ಡಿಸೆಂಬರ್ 18, ಬುಧವಾರ

ಐಲಾ ಸಂಜೆಯ ತರಗತಿಯಲ್ಲೇ ಇರುತ್ತಾಳೆ, ಬೇಸಿಗೆಯವರೆಗೆ. ಚಾರೊ ಬಂದು ಹೇಳಿದಳು. ಹೇಳುವ ಮುಂಚೆ, ಅವಳನ್ನು ಇಟ್ಟುಕೊಳ್ಳಲು ನನಗೆ ಒಪ್ಪಿಗೆಯೇ ಎಂದು ಕೇಳಿದಳು. ಈ ಮನೆಯಲ್ಲಿ ಹೊಸ ರೋಗ ಹರಡಿದೆ. ಈರುಳ್ಳಿಗೆ ಬೇರೆ ಜಾಗ ನೋಡಬೇಕು ಎಂದೆ.

ನನ್ನ ಕಪ್ಪು ಬಟ್ಟೆ ಕಪ್ಪಾಗಿಯೇ ಇದೆ. ಯಾರಿಗೂ ಭ್ರಮೆ ಬೇಡ.

ಮಧ್ಯಾಹ್ನ ದಿಯೇಗೊ ಬಂದ, ಟೋಪಿ ಕೈಯಲ್ಲಿ ಹಿಡಿದು. ಮಾವನ ಹಾಡುಗಳನ್ನು ಹಾಡಲು ಅಪ್ಪಣೆ ಬೇಕಂತೆ. ಇಷ್ಟು ವರ್ಷ ಹಾಡಿ ಹಾಳು ಮಾಡಿದ ಮೇಲೆ. ಕೂರಿಸಿದೆ, ಬಹಳ ಹೊತ್ತು ಕೂರಿಸಿದೆ. ಆಮೇಲೆ ಹೇಳಿದೆ, ಎರಡನೆಯ ಸಾಲಿಗೆ ಮುಂಚೆ ನಿಲ್ಲಬೇಕು ಎಂದು. ಶನಿವಾರ ನಿಂತೆನಲ್ಲ ಎಂದ. ನಿಂತದ್ದು ನೀನಲ್ಲ ಎಂದೆ. ಹಾಗಾದ್ರೆ ಹೇಗೆ ತೀಯಾ, ತೋರಿಸಿ ಎಂದ. ತೋರಿಸಿದೆ. ತೋರಿಸುವುದು ಹಾಡುವುದಲ್ಲ, ಎಂಕಾರ್ನಾ ಗೋಡೆಗೆ ಕಿವಿ ಒತ್ತಿದ್ದರೆ ಅದನ್ನೂ ಕೇಳಿಸಿಕೊಳ್ಳಲಿ.

ಹಿಂದಿನ ಕೋಣೆಯಲ್ಲಿ ಐಲಾ ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದಳು, ಡೊಂಕು ನೆಲದ ಮೇಲೆಯೇ. ನನ್ನ ಹಾಡು ಮುಗಿಯುವವರೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.